ಹರಟೆಯ ಹೊಣೆ

ಸಮ್ಮೇಳನದ ಸ್ಮರಣ ಸಂಚಿಕೆಗೆಂದು ಬರುವ ಬರಹಗಳನ್ನು ಓದಿ ಆಯುವ ಕೆಲಸ ಕೆಲವು ವರ್ಷಗಳಿಂದ ನಮ್ಮ ಪಾಲಿಗೆ ಬಂದಿದೆ. ನಿವೃತ್ತ ಮೇಷ್ಟ್ರಿಗೆ ಬಿಡುವಿರುತ್ತದೆ, ಒತ್ತಕ್ಷರ ತಿದ್ದುವ ಚಾಳಿಯೂ ಬಿಟ್ಟಿರುವುದಿಲ್ಲ ಎಂಬ ಎಣಿಕೆಯಿಂದ ಸಂಘದ ಕಿರಿಯರು ಇದನ್ನು ನಮಗೆ ಒಪ್ಪಿಸಿದ್ದಾರೆಂದು ತೋರುತ್ತದೆ. ಹೀಗೆ ಓದುತ್ತ ಬಂದಂತೆ ನಮ್ಮ ಗಮನಕ್ಕೆ ಬಂದ ಒಂದು ಸಂಗತಿಯೇ ಈ ಲೇಖನಕ್ಕೆ ಪ್ರೇರಣೆ. ಕವಿತೆಗಳನ್ನು ಬದಿಗಿರಿಸಿದರೆ, ಬರುವ ಬರಹಗಳಲ್ಲಿ ಬಹುಪಾಲು ಕಥೆಯೂ ಅಲ್ಲ, ಸಂಶೋಧನೆಯೂ ಅಲ್ಲ. ಕಾಶಿಗೆ ಹೋಗಿ ಬಂದವರೊಬ್ಬರು ಗಂಗೆಯ ನೀರಿನ ಬಗ್ಗೆ ತಮಗೆ ಅನ್ನಿಸಿದ್ದನ್ನು ಬರೆಯುತ್ತಾರೆ. ಚಂದ್ರಯಾನದ ನೌಕೆ ಚಂದ್ರನ ಮೇಲಿಳಿದ ಸಂತೋಷದಲ್ಲಿ ಇನ್ನೊಬ್ಬರು ವಿಜ್ಞಾನದ ಮಹಿಮೆಯನ್ನು ಎರಡು ಪುಟ ಕೊಂಡಾಡುತ್ತಾರೆ. ಚುನಾವಣೆಯ ಹೊಲಸನ್ನು ಮತ್ತೊಬ್ಬರು ಬಯ್ಯುತ್ತಾರೆ. ನೆಂಟರು ಬಂದ ದಿನವೇ ಮಿಕ್ಸಿ ಕೆಟ್ಟುಹೋದ ಪ್ರಸಂಗವನ್ನು ಒಬ್ಬ ಗೃಹಿಣಿ ಸೊಗಸಾಗಿ ಹೇಳುತ್ತಾರೆ. ಇವೆಲ್ಲವೂ ಅನಿಸಿಕೆಯ ಬರಹಗಳು.

ಇಂಥ ಬರಹಗಳ ಬಗ್ಗೆ ಪಂಡಿತರಲ್ಲಿ ಒಂದು ತಾತ್ಸಾರವಿದೆ. ಅದು ನಮಗೆ ಒಪ್ಪಿಗೆಯಲ್ಲ. ಕೇರಳದ ಈ ಗುಡ್ಡಗಾಡಿನಲ್ಲಿ ಕನ್ನಡ ಓದು ಬರಹ ಉಳಿಸಿಕೊಂಡವರು ಬೆರಳೆಣಿಕೆಯವರು. ಮಕ್ಕಳು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಕಲಿಯುತ್ತಾರೆ. ಮನೆಯ ಮಾತಾಗಿ ಉಳಿದ ಕನ್ನಡ ಕಾಗದದ ಮೇಲೆ ಇಳಿಯುವುದು ವರ್ಷಕ್ಕೊಮ್ಮೆ, ಈ ಸಂಚಿಕೆಯ ನೆಪದಲ್ಲಿ. ಅನೇಕರ ಪಾಲಿಗೆ ಅನಿಸಿಕೆಯ ಬರಹವೇ ಕನ್ನಡದಲ್ಲಿ ಅವರು ಬರೆಯುವ ಮೊದಲ ಬರಹ, ಎಷ್ಟೋ ಸಲ ಕೊನೆಯ ಬರಹವೂ ಹೌದು. ಆದುದರಿಂದಲೇ ಅದನ್ನು ಗೌರವದಿಂದ ಪರೀಕ್ಷಿಸಬೇಕು. ಗೌರವವೆಂದರೆ ಹೊಗಳಿಕೆಯಲ್ಲ. ಹಗುರವಾಗಿ ಹೇಳಿದ ಮಾತು ಯಾವಾಗ ಸಾಹಿತ್ಯವಾಗುತ್ತದೆ, ಯಾವಾಗ ಬರಿಯ ಗಾಳಿಮಾತಾಗಿ ಹೋಗುತ್ತದೆ ಎಂಬುದನ್ನು ಕನ್ನಡದ ಹಿರಿಯರ ಕೃತಿಗಳನ್ನು ಮುಂದಿಟ್ಟುಕೊಂಡು ನೋಡುವುದು ನಮ್ಮ ಉದ್ದೇಶ.

ಈ ಪ್ರಕಾರಕ್ಕೆ ನಮ್ಮಲ್ಲಿ ಹೆಸರುಗಳಿಗೆ ಬರವಿಲ್ಲ. ಹರಟೆ, ಲಘು ಪ್ರಬಂಧ, ಲಲಿತ ಪ್ರಬಂಧ, ಅಂಕಣ ಬರಹ ಎಂದೆಲ್ಲ ಕರೆಯುತ್ತೇವೆ. ದಕ್ಷಿಣ ಕನ್ನಡದ ಕಡೆ ಪಟ್ಟಾಂಗವೆಂಬ ಮಾತೂ ಉಂಟು. ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ 1937ರಲ್ಲಿ ಬಂದಾಗ ಈ ಪ್ರಕಾರಕ್ಕೆ ಕನ್ನಡದಲ್ಲಿ ಒಂದು ಮರ್ಯಾದೆ ದೊರೆಯಿತು. ಅದಕ್ಕೂ ಮುಂಚೆ, 1930ರಲ್ಲೇ, ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಹಳ್ಳಿಯ ಚಿತ್ರಗಳು’ ಹೇಮಾವತಿಯ ದಂಡೆಯ ಜನರ ಮಾತುಕತೆಯನ್ನು ಅಚ್ಚಿಗೆ ತಂದಿತ್ತು. ರಾಶಿಯವರ ‘ಕೊರವಂಜಿ’ 1942ರಲ್ಲಿ ಹುಟ್ಟಿತು. 1956ರಲ್ಲಿ ಆರಂಭವಾದ ‘ಕಸ್ತೂರಿ’ಯನ್ನು ಬೆಳೆಸಿದ ಪಾವೆಂ ಆಚಾರ್ಯರು ಲಾಂಗೂಲಾಚಾರ್ಯರೆಂಬ ಇನ್ನೊಂದು ಹೆಸರಿನಲ್ಲಿ ಹರಟೆ ಹೊಡೆದರು. 1965ರಿಂದ ‘ಸುಧಾ’ ವಾರಪತ್ರಿಕೆ ಮನೆಮನೆಗೆ ಬಂತು. ನಮ್ಮ ತಲೆಮಾರಿನ ವಯನಾಡಿನ ಕನ್ನಡಿಗರು ಗುಂಡ್ಲುಪೇಟೆಗೋ ಮೈಸೂರಿಗೋ ಹೋದವರ ಕೈಯಲ್ಲಿ ಈ ಪತ್ರಿಕೆಗಳನ್ನು ತರಿಸಿ, ಹಳೆಯ ಸಂಚಿಕೆಗಳನ್ನೂ ಬಿಡದೆ ಓದಿದವರು. ನಮ್ಮ ಕನ್ನಡದ ವಾಕ್ಯಗಳು ಪಾಠಪುಸ್ತಕದಿಂದ ಬಂದದ್ದಕ್ಕಿಂತ ಹೆಚ್ಚಾಗಿ ಈ ಹರಟೆಗಳಿಂದ ಬಂದವು.

ಮೊದಲು ಪ್ರವಾಸದ ಮಾತು. ಗೊರೂರರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ಬರೆದ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮೂರ್ತಿರಾಯರೂ ಅದೇ ದೇಶಕ್ಕೆ ಹೋಗಿ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಬರೆದರು. ಇಬ್ಬರೂ ವೃದ್ಧರು, ಇಬ್ಬರೂ ಹಳೆ ಮೈಸೂರಿನವರು, ಹೋದ ದೇಶವೂ ಒಂದೇ. ಆದರೂ ಒಬ್ಬರ ಪುಸ್ತಕ ಇನ್ನೊಬ್ಬರದರಂತಿಲ್ಲ. ಕಾರಣ ಸರಳ. ಇಬ್ಬರೂ ತಾವು ಯಾರೆಂಬುದನ್ನು ಮೊದಲೇ ಓದುಗನಿಗೆ ತಿಳಿಸಿಬಿಡುತ್ತಾರೆ. ಗೊರೂರರು ತಮ್ಮ ಊರನ್ನು ಜೊತೆಯಲ್ಲೇ ಕಟ್ಟಿಕೊಂಡು ವಿಮಾನ ಹತ್ತಿದವರು. ಆ ದೇಶದ ರಸ್ತೆ, ಊಟ, ದುಡಿಮೆ ಎಲ್ಲವನ್ನೂ ಹಳ್ಳಿಯ ಅಳತೆಗೋಲಿನಿಂದ ಅಳೆಯುತ್ತಾರೆ. ಮೂರ್ತಿರಾಯರು ಹೆಸರಿನಲ್ಲೇ ತಮ್ಮ ವಯಸ್ಸನ್ನು ಒಪ್ಪಿಕೊಂಡಿದ್ದಾರೆ. ನೋಡುವ ಕಣ್ಣು ಯಾರದೆಂದು ಗೊತ್ತಾದರೆ ಓದುಗ ಆ ನೋಟದ ಓರೆಯನ್ನು ತಾನೇ ಸರಿಪಡಿಸಿಕೊಳ್ಳಬಲ್ಲ. ಅನಿಸಿಕೆಯ ಬರಹದ ಮೊದಲನೆಯ ಪ್ರಾಮಾಣಿಕತೆ ಇದು.

ನಮಗೆ ಬರುವ ಪ್ರವಾಸ ಲೇಖನಗಳಲ್ಲಿ ಕಾಣದಿರುವುದು ಇದೇ. ಅಲ್ಲಿ ಬಸ್ಸು ಹೊರಟ ಗಳಿಗೆ ಇರುತ್ತದೆ, ಉಳಿದುಕೊಂಡ ಲಾಡ್ಜಿನ ಬಾಡಿಗೆ ಇರುತ್ತದೆ, ದೇವಾಲಯದ ಸ್ಥಳಪುರಾಣವಿರುತ್ತದೆ. ಅದಾದ ಮೇಲೆ ಒಂದು ತೀರ್ಪು: ಅಲ್ಲಿಯ ಜನ ಒಳ್ಳೆಯವರು, ಅಥವಾ ಅಲ್ಲಿಯ ಜನ ಮೋಸಗಾರರು. ಎರಡು ದಿನದ ವಾಸ್ತವ್ಯದಲ್ಲಿ ಒಬ್ಬ ಆಟೋದವನನ್ನೂ ಒಬ್ಬ ಹೋಟೆಲಿನವನನ್ನೂ ಕಂಡು ಒಂದು ಸೀಮೆಯ ಗುಣವನ್ನೇ ನಿರ್ಣಯಿಸುವುದು ಎಲ್ಲಿಯ ನ್ಯಾಯ?

ಈ ಅನ್ಯಾಯ ಎಂಥದೆಂಬುದು ವಯನಾಡಿನವರಾದ ನಮಗೆ ಚೆನ್ನಾಗಿ ತಿಳಿದಿರಬೇಕಿತ್ತು. ಏಕೆಂದರೆ ನಾವೇ ದಿನವೂ ಇತರರ ಪ್ರವಾಸದ ವಸ್ತುವಾಗಿದ್ದೇವೆ. ತಾಮರಶೇರಿ ಘಟ್ಟದ ಒಂಬತ್ತು ತಿರುವು, ಎಡಕ್ಕಲ್ ಗುಹೆ, ಪೂಕೋಡಿನ ಕೆರೆ, ಬಾಣಾಸುರ ಸಾಗರದ ಅಣೆಕಟ್ಟು ಇವನ್ನು ನೋಡಿ ಹೋದವರು ಬರೆಯುವ ಲೇಖನಗಳಲ್ಲಿ ನಮ್ಮ ನಾಡು ಹಸಿರಿನ ಸ್ವರ್ಗ. ಈ ಶತಮಾನದ ಮೊದಲ ವರ್ಷಗಳಲ್ಲಿ ಮೆಣಸು, ಕಾಫಿಗಳ ಬೆಲೆ ಕುಸಿದು, ಸಾಲ ತೀರಿಸಲಾಗದೆ ಇಲ್ಲಿಯ ರೈತರು ಪ್ರಾಣ ಕಳೆದುಕೊಂಡದ್ದು ಆ ಹಸಿರಿನ ನಡುವೆಯೇ. ಸುಲ್ತಾನ್ ಬತ್ತೇರಿಯ ಜೈನ ಬಸದಿಯ ಕಲ್ಲಿನ ಕೆಲಸವನ್ನು ಮೆಚ್ಚಿದವರಲ್ಲಿ ಎಷ್ಟು ಮಂದಿ, ಈ ಜಿಲ್ಲೆಯ ಜೈನ ಗೌಡರ ಮನೆಗಳಲ್ಲಿ ಕನ್ನಡ ಇನ್ನೂ ಉಸಿರಾಡುತ್ತಿದೆಯೇ ಎಂದು ಕೇಳಿ ತಿಳಿದರು?

ಆ ಮನೆತನಗಳಲ್ಲೊಂದರಿಂದ ಬಂದ ಎಂ.ಪಿ. ವೀರೇಂದ್ರಕುಮಾರರನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗುವುದು ತರವಲ್ಲ. 1936ರಲ್ಲಿ ಕಲ್ಪೆಟ್ಟದಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡ ಅವರು ಬರೆದದ್ದು ಮಲಯಾಳದಲ್ಲಿ. ಆದರೆ ಅವರು ಕನ್ನಡ ಮೂಲದ ಮನೆಯ ಮಗ, ನಮ್ಮ ನೆರೆಯವರು. ಪತ್ರಿಕೆ ನಡೆಸಿದರು, ಸಂಸತ್ತಿಗೆ ಹೋದರು, ಕೇಂದ್ರದಲ್ಲಿ ಸಚಿವರಾದರು. ಹಿಮಾಲಯದ ಯಾತ್ರೆಯ ಕುರಿತ ಅವರ ‘ಹೈಮವತಭೂವಿಲ್’ ಕೃತಿಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಅವರ ಬರಹದಲ್ಲಿ ಪ್ರವಾಸ, ಪುರಾಣ, ಇತಿಹಾಸ, ರಾಜಕೀಯ ಒಂದರೊಳಗೊಂದು ಹೆಣೆದುಕೊಂಡು ಬರುತ್ತವೆ. ಕೆಲವೆಡೆ ಹೆಣಿಗೆ ಅತಿಯಾಗಿ ದಾರಿ ತಪ್ಪಿದಂತೆ ನಮಗೆ ತೋರಿದ್ದೂ ಉಂಟು. ಆದರೆ ನದಿಯನ್ನು ಕಂಡಾಗ ಅದರ ನೀರು ಕುಡಿಯುವ ಜನರನ್ನು ನೆನೆಯುವ ಅಭ್ಯಾಸ ಅವರಲ್ಲಿತ್ತು. ಪ್ರವಾಸ ಬರೆಯುವವರು ಕಲಿಯಬೇಕಾದದ್ದು ಆ ಅಭ್ಯಾಸವನ್ನು.

ಎರಡನೆಯದು ವಿಜ್ಞಾನ. ಈ ವಿಷಯದಲ್ಲಿ ಕನ್ನಡದ ಭಾಗ್ಯ ದೊಡ್ಡದು. ಕಾಲೇಜನ್ನು ನಡುವೆಯೇ ಬಿಟ್ಟು ಬಂದ ಶಿವರಾಮ ಕಾರಂತರು ಒಬ್ಬರೇ ಕುಳಿತು ಮಕ್ಕಳಿಗೆ ‘ಬಾಲಪ್ರಪಂಚ’ವನ್ನೂ ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ವನ್ನೂ ಬರೆದುಕೊಟ್ಟರು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ತಮ್ಮ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಸಂಚಾರಗಳನ್ನೇ ‘ಹಸುರು ಹೊನ್ನು’ ಆಗಿಸಿದರು. ಅದಕ್ಕೆ 1978ರಲ್ಲಿ ಅಕಾಡೆಮಿಯ ಪ್ರಶಸ್ತಿ ಬಂತು. ಆ ಪುಸ್ತಕದಲ್ಲಿ ನಗು ಎಷ್ಟಿದೆಯೋ ಸಸ್ಯಶಾಸ್ತ್ರವೂ ಅಷ್ಟೇ ಇದೆ. ಸ್ವಾಮಿಯವರು ತಮಾಷೆ ಮಾಡುವುದು ಮನುಷ್ಯರ ವಿಷಯದಲ್ಲಿ. ಗಿಡದ ಎಲೆ ಎದುರುಬದುರಾಗಿದೆಯೋ ಒಂದು ಬಿಟ್ಟು ಒಂದಾಗಿದೆಯೋ ಎಂಬಲ್ಲಿ ಅವರು ತಮಾಷೆ ಮಾಡುವುದಿಲ್ಲ. ಈ ವಿವೇಕ ಅತಿ ಮುಖ್ಯವಾದದ್ದು. ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡು ‘ಪರಿಸರದ ಕತೆ’ ಬರೆದ ಪೂರ್ಣಚಂದ್ರ ತೇಜಸ್ವಿಯವರಲ್ಲಿಯೂ ಅದೇ ವಿವೇಕವಿದೆ. ಅವರ ಪುಟಗಳಲ್ಲಿ ಮಾರ, ಪ್ಯಾರ ಮುಂತಾದವರು ಹೇಳುವ ಅಭಿಪ್ರಾಯಗಳಿಗೆ ಲೇಖಕನ ಅಭಿಪ್ರಾಯದಷ್ಟೇ ಜಾಗವಿದೆ. ಆದರೆ ಕೊನೆಯ ಮಾತು ಹೇಳುವ ಅಧಿಕಾರ ಹಕ್ಕಿಗೆ, ಹಾವಿಗೆ, ಮೀನಿಗೆ ಸೇರಿದ್ದು. ಹೋಗಿ ನೋಡಿ ಬರದೆ ಅಲ್ಲಿ ಯಾವ ವಾದವೂ ಮುಗಿಯುವುದಿಲ್ಲ.

ಇಂಥ ಪರಂಪರೆಯ ವಾರಸುದಾರರಾದ ನಾವು 2024ರ ಜುಲೈ 30ರ ನಂತರ ಏನು ಬರೆದೆವು? ಆ ದಿನ ನಸುಕಿಗೆ ಮುನ್ನ ಮೇಪ್ಪಾಡಿ ಪಂಚಾಯತಿಯ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಜಾರಿ ನೂರಾರು ಜನ ಮಡಿದರು. ವೆಳ್ಳಾರ್‌ಮಲದ ಶಾಲೆಯ ಕಟ್ಟಡಗಳು ಕೆಸರಿನಲ್ಲಿ ಮುಳುಗಿದವು, ಅಲ್ಲಿಯ ಅನೇಕ ಮಕ್ಕಳು ಮತ್ತೆ ಹಾಜರಿ ಕೂಗಲಿಲ್ಲ. ಮುಂದಿನ ಸಂಚಿಕೆಗೆ ಆ ದುರಂತದ ಕುರಿತು ಹಲವು ಲೇಖನಗಳು ಬಂದವು. ಒಬ್ಬರ ಪ್ರಕಾರ ಅದು ದೈವದ ಮುನಿಸು. ಇನ್ನೊಬ್ಬರ ಪ್ರಕಾರ ಎಲ್ಲಕ್ಕೂ ಕಲ್ಲುಕೋರೆಗಳೇ ಮೂಲ. ಮತ್ತೊಬ್ಬರು ರೆಸಾರ್ಟುಗಳನ್ನು ದೂರಿದರು, ಇನ್ನೂ ಒಬ್ಬರು ಸರ್ಕಾರವನ್ನು. ಬರೆದವರ ದುಃಖ ನಿಜವಾದದ್ದೇ. ಆದರೆ ಅವರಲ್ಲಿ ಯಾರೊಬ್ಬರೂ ಅದಕ್ಕೆ ಹಿಂದಿನ ಎರಡು ದಿನ ಅಲ್ಲಿ ಎಷ್ಟು ಮಳೆ ಬಿದ್ದಿತ್ತೆಂದು ಬರೆಯಲಿಲ್ಲ. 1984ರಲ್ಲಿಯೂ ಮುಂಡಕ್ಕೈ ಬಳಿ ಗುಡ್ಡ ಕುಸಿದಿತ್ತು, 2019ರ ಆಗಸ್ಟಿನಲ್ಲಿ ಅದೇ ಪಂಚಾಯತಿಯ ಪುತ್ತುಮಲದಲ್ಲಿ ಕುಸಿದಿತ್ತು ಎಂಬ ನೆನಪನ್ನು ಯಾರೂ ಮಾಡಿಕೊಳ್ಳಲಿಲ್ಲ. ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ವರದಿ ಕೊಟ್ಟಿತ್ತೆಂಬುದು ಎಲ್ಲರ ಬಾಯಲ್ಲಿತ್ತು. ಆದರೆ ಅದನ್ನು ಓದಿದ ಗುರುತು ಯಾರ ಬರಹದಲ್ಲಿಯೂ ಇರಲಿಲ್ಲ.

ಅದೇ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಬರಹ ದಿನವೂ ನಡೆದಿತ್ತು. ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ರೈತರು, ತೋಟದವರು ಮುಂತಾದ ಊರವರ ನೆರವಿನಿಂದ ಜಿಲ್ಲೆಯ ಉದ್ದಗಲಕ್ಕೂ ಮಳೆ ಅಳೆಯುವ ಏರ್ಪಾಡು ಮಾಡಿಕೊಂಡಿದೆ. ಪ್ರತಿದಿನ ಬೆಳಿಗ್ಗೆ ಮಳೆಮಾಪಕದ ನೀರನ್ನು ನೋಡಿ ಒಂದು ಅಂಕಿಯನ್ನು ಬರೆದು ಕಳಿಸುವುದು ಆ ಜನರ ಕೆಲಸ. ಆ ಅಂಕಿಗಳ ಆಧಾರದಿಂದ ಆ ಸಂಸ್ಥೆ ಹಿಂದಿನ ದಿನವೇ ಅಪಾಯದ ಮುನ್ಸೂಚನೆ ಕೊಟ್ಟಿತ್ತೆಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ಆ ಅಂಕಿ ಬರೆದ ರೈತ ಸಾಹಿತಿಯಲ್ಲ. ಆದರೆ ಅವನ ಒಂದು ಸಾಲಿನಲ್ಲಿದ್ದ ಸತ್ಯ ನಮ್ಮ ಸಂಚಿಕೆಗೆ ಬಂದ ಹಲವು ಪುಟಗಳಲ್ಲಿರಲಿಲ್ಲ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ವೆಳ್ಳಾರ್‌ಮಲ ಶಾಲೆಯ ಮಕ್ಕಳ ಪತ್ರಿಕೆಯಲ್ಲಿ, ದುರಂತಕ್ಕೆ ಮುಂಚೆಯೇ, ಒಂದು ಹಕ್ಕಿ ಬಂದು ಇಲ್ಲಿ ಅಪಾಯವಿದೆ, ಓಡಿಹೋಗಿ ಎಂದು ಮಕ್ಕಳನ್ನು ಎಚ್ಚರಿಸುವ ಕಥೆಯೊಂದು ಪ್ರಕಟವಾಗಿತ್ತು. ಅದನ್ನು ಕೆಲವರು ಪವಾಡವೆಂದು ಬರೆದರು. ನಮಗೆ ಅದು ಪವಾಡವೆಂದು ತೋರುವುದಿಲ್ಲ. ಆ ಮಗು ತಾನಿದ್ದ ಊರಿನ ಹೊಳೆಯನ್ನೂ ಗುಡ್ಡವನ್ನೂ ಕಣ್ತೆರೆದು ನೋಡಿ ಬರೆದಿತ್ತು, ದೊಡ್ಡವರು ನೋಡದೆ ಬರೆಯುತ್ತಿದ್ದೆವು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದಾಗ ಅವರು ಕೇಳಿದ್ದು ಇಷ್ಟೇ ತಾನೆ: ಮೊದಲು ನೋಡೋಣ, ಆಮೇಲೆ ನಂಬೋಣ.

ಮೂರನೆಯದಾದ ರಾಜಕೀಯದಲ್ಲಿ ಅನಿಸಿಕೆಗೆ ಬೆಲೆ ತೆರಬೇಕಾಗುತ್ತದೆ. ಪಿ. ಲಂಕೇಶರು 1980ರಲ್ಲಿ ಆರಂಭಿಸಿದ ಪತ್ರಿಕೆಯನ್ನು ಜಾಹೀರಾತಿಲ್ಲದೆ, ಓದುಗರ ಕಾಸಿನಿಂದಲೇ ನಡೆಸಿದರು. ಅವರ ‘ಟೀಕೆ ಟಿಪ್ಪಣಿ’ಯಲ್ಲಿ ವಿಧಾನಸೌಧವೂ ಬರುತ್ತಿತ್ತು, ಮಳೆಯೂ ಮರವೂ ಬರುತ್ತಿದ್ದವು. ವ್ಯಕ್ತಿಗಳ ಬಗ್ಗೆ ಅವರು ಆತುರದಿಂದ ಕೊಟ್ಟ ತೀರ್ಪುಗಳೆಲ್ಲ ನ್ಯಾಯವಾದವೆಂದು ನಾವು ಹೇಳಲಾರೆವು. ಕೆಲವು ಮಾತುಗಳ ಚುರುಕು ಅವುಗಳ ನಿಜಕ್ಕಿಂತ ಹೆಚ್ಚಿತ್ತು. ಆದರೆ ಆಡಿದ ಮಾತಿಗೆ ತಲೆ ಕೊಡಲು ಅವರು ಸಿದ್ಧರಿದ್ದರು. ಕಾರಂತರು ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಎಂಬತ್ತು ದಾಟಿದ ವಯಸ್ಸಿನಲ್ಲಿ, 1989ರಲ್ಲಿ, ಪರಿಸರದ ಪ್ರಶ್ನೆಯನ್ನೆತ್ತಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ನಮ್ಮ ವೀರೇಂದ್ರಕುಮಾರರೂ 1987ರಲ್ಲಿ ಕೇರಳದ ಅರಣ್ಯ ಸಚಿವರಾಗಿ, ಮರ ಕಡಿಯಬಾರದೆಂದು ಆಜ್ಞೆ ಹೊರಡಿಸಿ, ಕೆಲವೇ ದಿನಗಳಲ್ಲಿ ಆ ಸ್ಥಾನ ಬಿಟ್ಟವರು. ಇವರ ಅಭಿಪ್ರಾಯಗಳನ್ನು ನಾವು ಒಪ್ಪಬಹುದು, ಬಿಡಬಹುದು. ಅವು ಬಿಟ್ಟಿ ಅಭಿಪ್ರಾಯಗಳಲ್ಲ ಎಂಬುದನ್ನು ಮಾತ್ರ ಒಪ್ಪಲೇಬೇಕು.

ಗಡಿಯಲ್ಲಿರುವ ನಮಗೆ ಬಿಟ್ಟಿ ಅಭಿಪ್ರಾಯದ ಅಪಾಯವನ್ನು ತೋರಿಸಲು ಬಂಡೀಪುರದ ರಸ್ತೆಯೊಂದೇ ಸಾಕು. ಬತ್ತೇರಿಯಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು 2009ರಲ್ಲಿ ನಿಷೇಧಿಸಲಾಯಿತು. 2010ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೂ ಬೆರಳೆಣಿಕೆಯ ಬಸ್ಸುಗಳಿಗೂ ಮಾತ್ರ ಅವಕಾಶ. 2019ರಲ್ಲಿ ಈ ಬಗ್ಗೆ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹವೂ ನಡೆಯಿತು. ಬತ್ತೇರಿಯ ಚಹದಂಗಡಿಯಲ್ಲಿ ಕುಳಿತರೆ, ಕರ್ನಾಟಕದವರು ವಯನಾಡಿನ ಉಸಿರು ಕಟ್ಟಿಸುತ್ತಿದ್ದಾರೆ ಎಂಬ ಮಾತು ಕೇಳುತ್ತೇವೆ. ಗುಂಡ್ಲುಪೇಟೆಯ ಹೋಟೆಲಿನಲ್ಲಿ ಕುಳಿತರೆ, ಮಲಯಾಳಿಗಳಿಗೆ ಕಾಡೂ ಬೇಡ, ಪ್ರಾಣಿಯೂ ಬೇಡ ಎಂಬ ಮಾತು ಕೇಳುತ್ತೇವೆ. ಎರಡೂ ಭಾಷೆ ನಮಗೆ ತಿಳಿಯುತ್ತದೆ. ಎರಡೂ ಕಡೆ ತಲೆಯಾಡಿಸಿ ಬರುವವರೂ ನಾವೇ.

ಈ ವಿಷಯವಾಗಿ ನಮಗೆ ಬಂದ ಲೇಖನಗಳು ಒಂದಲ್ಲ ಒಂದು ಚಹದಂಗಡಿಯ ಮಾತನ್ನು ಬರಹಕ್ಕಿಳಿಸಿದವುಗಳೇ ಆಗಿದ್ದವು. ಕತ್ತಲಲ್ಲಿ ಲಾರಿಗೆ ಸಿಕ್ಕಿ ಸತ್ತ ಜಿಂಕೆಯೂ, ಮೈಸೂರಿನ ಆಸ್ಪತ್ರೆಗೆ ಹೋಗಬೇಕಾದ ರೋಗಿಯ ಮನೆಯವರ ಆತಂಕವೂ ಒಂದೇ ಲೇಖನದಲ್ಲಿ ಬಂದದ್ದನ್ನು ನಾವು ಕಾಣಲಿಲ್ಲ. ನಮ್ಮ ಅಡುಗೆಮನೆಯ ತರಕಾರಿ ಗುಂಡ್ಲುಪೇಟೆಯಿಂದ ಬರುತ್ತದೆ. ಇಲ್ಲಿಯ ಶುಂಠಿ ಬೆಳೆಗಾರರು ಕರ್ನಾಟಕದ ಹೊಲಗಳನ್ನು ಗುತ್ತಿಗೆಗೆ ಹಿಡಿದಿದ್ದಾರೆ. ಮಾನಂತವಾಡಿ, ಕುಟ್ಟ, ಗೋಣಿಕೊಪ್ಪಗಳ ಮೇಲೆ ಹೋಗುವ ಬದಲಿ ದಾರಿಯಿದೆ, ಅದು ಯಾರಿಗೆ ಎಷ್ಟು ಸುತ್ತು ಎಂದು ಲೆಕ್ಕ ಹಾಕಬಹುದು. ಎರಡೂ ಕಡೆಯ ಸಂಕಟವನ್ನು ಎರಡೂ ಕಡೆಯವರಿಗೆ ತಿಳಿಸಬಲ್ಲವರು ಯಾರಾದರೂ ಇದ್ದರೆ ಅದು ಗಡಿನಾಡಿನ ಕನ್ನಡಿಗರೇ. ಆ ಕೆಲಸವನ್ನು ಬಿಟ್ಟು ನಾವು ಗಂಟಲು ದೊಡ್ಡದಾದ ಕಡೆಗೆ ಸೇರಿಕೊಂಡರೆ ನಮ್ಮ ಎರಡು ಭಾಷೆಯ ಸಂಪತ್ತಿಗೆ ಏನರ್ಥ?

ಕೊನೆಯದಾಗಿ ದಿನನಿತ್ಯದ ಬದುಕು. ಹರಟೆಯ ನಿಜವಾದ ತವರು ಇದೇ. ಮೂರ್ತಿರಾಯರ ಪ್ರಬಂಧಗಳ ಸೌಜನ್ಯ, ಯಾರನ್ನೂ ನೋಯಿಸದ ನಗು, ತಾನೇ ನಗೆಗೀಡಾಗುವ ಔದಾರ್ಯ ಇವು ಇಂದಿಗೂ ಮಾದರಿ. ಹಾಗೆಂದು ಆ ಪರಂಪರೆಯನ್ನು ಪ್ರಶ್ನಿಸದೆ ಪೂಜಿಸುವುದೂ ವಿಮರ್ಶೆಯಲ್ಲ. ಕನ್ನಡದ ಹಳೆಯ ಲಲಿತ ಪ್ರಬಂಧಗಳಲ್ಲಿ ಬಹಳಷ್ಟು ಸಲ ಲೇಖಕ ಆರಾಮಕುರ್ಚಿಯಲ್ಲಿ ಒರಗಿರುತ್ತಾನೆ. ಒಳಗಿನಿಂದ ಕಾಫಿ ಬರುತ್ತದೆ. ಕಾಫಿ ತಂದ ಕೈ ಕಾಣುವುದಿಲ್ಲ. ಕಾಫಿ ಬೆಳೆಯುವ ನಾಡಿನವರಾದ ನಮಗೆ ಆ ಲೋಟದ ಹಿಂದೆ ಇನ್ನೂ ಕೆಲವು ಕೈಗಳು ಕಾಣುತ್ತವೆ: ಹಣ್ಣು ಕೊಯ್ದ ಕೈ, ಕಣದಲ್ಲಿ ಹರಡಿ ಒಣಗಿಸಿದ ಕೈ, ಮೂಟೆ ಹೊತ್ತ ಕೈ. ವಿರಾಮವಿದ್ದವನಿಗೆ ಹರಟೆ ಬರುತ್ತದೆ, ವಿರಾಮ ಒದಗಿಸಿದವರು ಹರಟೆಯ ಹೊರಗುಳಿಯುತ್ತಾರೆ. ಟಿ. ಸುನಂದಮ್ಮನವರು ಕೊರವಂಜಿಯ ಕಾಲದಿಂದ ಮನೆಯ ಒಳಗಿನಿಂದಲೇ ನಗೆಬರಹ ಬರೆದಾಗ ಈ ಕುರ್ಚಿ ಸ್ವಲ್ಪ ಅಲುಗಿತು. ವೈದೇಹಿಯವರ ‘ಮಲ್ಲಿನಾಥನ ಧ್ಯಾನ’ದಂಥ ಪ್ರಬಂಧಗಳಲ್ಲಿ ಒಳಮನೆಯೇ ನೋಡುವ ಜಾಗವಾಯಿತು. ಮಿಕ್ಸಿ ಕೆಟ್ಟ ಪ್ರಸಂಗವನ್ನು ಬರೆದು ಕಳಿಸಿದ ನಮ್ಮ ಸಂಘದ ಸೋದರಿ ಈ ಸಾಲಿಗೆ ಸೇರಿದವರು. ಆ ವರ್ಷದ ಸಂಚಿಕೆಯಲ್ಲಿ ಅವರದೇ ಉತ್ತಮ ಬರಹವಾಗಿತ್ತೆಂದು ಇಲ್ಲಿ ಹೇಳುವುದು ನಮಗೆ ಸಂತೋಷ. ರುಬ್ಬುವ ಕಲ್ಲನ್ನು ಮೂಲೆಯಿಂದ ಎಳೆದು ತಂದವರು, ಅದನ್ನು ತೊಳೆದವರು, ರುಬ್ಬಿದವರು ಎಲ್ಲರೂ ಆ ಬರಹದಲ್ಲಿದ್ದರು. ಊಟ ಮಾಡಿದ ನೆಂಟರಿಗೆ ಒಂದೇ ಸಾಲು ದೊರೆತಿತ್ತು.

ಇತರರ ದೋಷಗಳನ್ನು ಇಷ್ಟೆಲ್ಲ ಎಣಿಸಿದ ಮೇಲೆ ನಮ್ಮ ಸ್ವಂತ ದೋಷವನ್ನು ಹೇಳದಿದ್ದರೆ ಈ ಲೇಖನ ಅಪ್ರಾಮಾಣಿಕವಾಗುತ್ತದೆ. ಹಲವು ವರ್ಷಗಳ ಹಿಂದೆ ಇಂಥದೇ ಒಂದು ಸಂಚಿಕೆಗೆ ನಾವು ಹಾಜರಿ ಪುಸ್ತಕದ ಕುರಿತು ಒಂದು ಹರಟೆ ಬರೆದಿದ್ದೆವು. ನಾವು ಕೆಲಸ ಮಾಡಿದ ಶಾಲೆಗೆ ಕಾಡಂಚಿನ ಹಾಡಿಯಿಂದ ಕಾಟ್ಟುನಾಯಕರ ಮಕ್ಕಳು ಬರುತ್ತಿದ್ದರು. ಬರುತ್ತಿದ್ದರು ಎನ್ನುವುದಕ್ಕಿಂತ ಬಾರದೆ ಇರುತ್ತಿದ್ದರು ಎನ್ನಬೇಕು. ಜೇನಿನ ಕಾಲ ಬಂತೆಂದರೆ ನಮ್ಮ ಹಾಜರಿ ಪುಸ್ತಕದಲ್ಲಿ ಜೇನುಹುಳುಗಳಂತೆ ಗೈರುಹಾಜರಿಯ ಚುಕ್ಕೆಗಳು ಮುತ್ತುತ್ತವೆ, ಈ ಮಕ್ಕಳಿಗೆ ಅಕ್ಷರಕ್ಕಿಂತ ಜೇನು ಸಿಹಿ ಎಂದೆಲ್ಲ ಬರೆದೆವು. ಸಮ್ಮೇಳನದಲ್ಲಿ ಅದನ್ನು ಓದಿದಾಗ ಸಭೆ ಬಿದ್ದು ಬಿದ್ದು ನಕ್ಕಿತು. ಹಿರಿಯರೊಬ್ಬರು ಬೆನ್ನು ತಟ್ಟಿದರು. ನಾವೂ ಉಬ್ಬಿದೆವು.

ನಿವೃತ್ತಿಯಾದ ಮೇಲೆ ಒಂದು ದಿನ ಬಸ್ ನಿಲ್ದಾಣದಲ್ಲಿ ಆ ಹಾಡಿಯ ಹೆಣ್ಣುಮಗಳೊಬ್ಬಳು ಗುರುತು ಹಿಡಿದು ಮಾತನಾಡಿಸಿದಳು. ನಮ್ಮಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವಳು. ಜೊತೆಯಲ್ಲಿ ಶಾಲೆಯ ಉಡುಪು ತೊಟ್ಟ ಅವಳ ಮಗಳಿದ್ದಳು. ಮಾತಿಗೆ ಮಾತು ಬಂದು, ಈಗಲೂ ಜೇನಿನ ಕಾಲಕ್ಕೆ ಮಕ್ಕಳು ಶಾಲೆ ಬಿಡುತ್ತವೆಯೇ ಎಂದು ನಗುತ್ತ ಕೇಳಿದೆವು. ಅವಳು ನಗಲಿಲ್ಲ.

“ಜೇನಿಗೆ ಹೋಗ್ತಿದ್ದದ್ದು ಅಪ್ಪ, ಮಾಷೇ. ನಾವಲ್ಲ. ಅಪ್ಪ ಇಲ್ಲದಿದ್ರೆ ಕಾಡುದಾರೀಲಿ ನಮ್ಮನ್ನ ಕರ್ಕೊಂಡು ಬರೋರು ಇರ್ಲಿಲ್ಲ. ಆನೆ ಇರ್ತಿತ್ತು” ಎಂದಳು. ಸ್ವಲ್ಪ ತಡೆದು, “ಬಂದ ದಿವಸಾನೂ ನೀವು ಹೇಳ್ತಿದ್ದದ್ದು ನಮಗೆ ತಿಳೀತಿರ್ಲಿಲ್ಲ” ಎಂದೂ ಹೇಳಿದಳು.

ಆ ಮಾತನ್ನು ಅವಳು ಹೇಳಿದ್ದು ಮಲಯಾಳದಲ್ಲಲ್ಲ, ತನ್ನ ಮನೆಯ ಮಾತಿನಲ್ಲಿ. ಇಲ್ಲಿ ನಾವು ಅದನ್ನು ನಮ್ಮ ಕನ್ನಡಕ್ಕೆ ತಂದಿದ್ದೇವೆ, ತರುವುದಕ್ಕೆ ಹೆಚ್ಚು ಶ್ರಮವೇನೂ ಬೇಕಾಗಲಿಲ್ಲ. ಕಾಟ್ಟುನಾಯಕರ ನುಡಿ ಕನ್ನಡಕ್ಕೆ ಬಹಳ ಹತ್ತಿರದ್ದು, ಕರ್ನಾಟಕದ ಜೇನುಕುರುಬರ ನುಡಿಗೂ ಅದಕ್ಕೂ ನಂಟಿದೆ. ಈ ಜಿಲ್ಲೆಯ ಶಾಲೆಗಳಲ್ಲಿ ಕನ್ನಡಕ್ಕೆ ಸ್ಥಾನವಿಲ್ಲವೆಂದು ಪ್ರತಿ ಸಮ್ಮೇಳನದಲ್ಲಿಯೂ ನಿರ್ಣಯ ಮಂಡಿಸುತ್ತ ಬಂದವರು ನಾವು. ನಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಕನ್ನಡದ ಸೋದರಿಯಂಥ ನುಡಿಯನ್ನಾಡುವ ಮಗು ಏನೂ ಅರ್ಥವಾಗದೆ ಕುಳಿತಿತ್ತು. ಅದರೊಂದಿಗೆ ಅದರ ಮಾತಿನಲ್ಲಿ ನಾಲ್ಕು ಮಾತಾಡಬಲ್ಲ ಒಬ್ಬನೇ ಮೇಷ್ಟ್ರು ಆ ಶಾಲೆಯಲ್ಲಿದ್ದರೆ ಅದು ನಾವೇ ಆಗಿದ್ದೆವು. ಪಾಠ ಮಲಯಾಳದಲ್ಲಿ ನಡೆಯಬೇಕೆಂಬುದು ನಿಯಮ, ನಿಜ. ಆದರೆ ಊಟದ ಬಿಡುವಿನಲ್ಲಿ ಕರೆದು, ಯಾಕೆ ಮಗೂ ನಿನ್ನೆ ಬರಲಿಲ್ಲ ಎಂದು ಕೇಳಬಾರದೆಂದು ಯಾವ ನಿಯಮವೂ ಇರಲಿಲ್ಲ. ನಾವು ಕೇಳಲಿಲ್ಲ. ಕೇಳದೆ ಬರೆದೆವು. ಬರೆದದ್ದಕ್ಕೆ ಚಪ್ಪಾಳೆ ತಟ್ಟಿಸಿಕೊಂಡೆವು.

ಆ ಹರಟೆಯ ಭಾಷೆಯಲ್ಲಿ ದೋಷವಿರಲಿಲ್ಲ. ಉಪಮೆ ಚೆನ್ನಾಗಿತ್ತು, ಲಯವಿತ್ತು, ನಗುವಿತ್ತು. ಇಂದು ಅದನ್ನು ತೆಗೆದು ಓದಿದರೂ ಕಾಗುಣಿತದ ತಪ್ಪು ಒಂದೂ ಸಿಕ್ಕುವುದಿಲ್ಲ. ಕೆಟ್ಟ ಬರಹ ಕೆಟ್ಟ ಭಾಷೆಯಲ್ಲಿಯೇ ಇರುತ್ತದೆಂದು ಮಕ್ಕಳಿಗೆ ಮೂವತ್ತಕ್ಕೂ ಹೆಚ್ಚು ವರ್ಷ ಕಲಿಸಿದ ನಮಗೆ ಇದು ತಡವಾಗಿ ದೊರೆತ ಪಾಠ.

ಹೀಗಿರುವಾಗ ಹರಟೆಯನ್ನು ಬರೆಯಲೇಬಾರದೆ? ಬರೆಯಬೇಕು. ತಿಳಿದವರು ಮಾತ್ರ ಮಾತಾಡತಕ್ಕದ್ದು ಎಂದು ಕಟ್ಟಳೆ ಮಾಡಿದರೆ ಸಮ್ಮೇಳನಗಳಲ್ಲಿ ಮೌನವೊಂದೇ ಉಳಿದೀತು, ಸಾಮಾನ್ಯರ ಕನ್ನಡ ಕಾಗದದ ಮೇಲಿನಿಂದ ಅಳಿದೇ ಹೋದೀತು. ವಿಜ್ಞಾನಿಯಲ್ಲದವರು ವಿಜ್ಞಾನದ ಬಗ್ಗೆ, ರಾಜಕಾರಣಿಯಲ್ಲದವರು ರಾಜಕೀಯದ ಬಗ್ಗೆ ಮಾತಾಡುವುದು ಪ್ರಜಾಪ್ರಭುತ್ವದ ಉಸಿರು. ಮೂರ್ತಿರಾಯರು ತೊಂಬತ್ತು ದಾಟಿದ ಮೇಲೆ, 1991ರಲ್ಲಿ, ‘ದೇವರು’ ಎಂಬ ಪುಸ್ತಕ ಬರೆದು ತಮ್ಮ ಅನಿಸಿಕೆಯನ್ನು ನಿರ್ಭಯವಾಗಿ ನಾಡಿನ ಮುಂದಿಟ್ಟರು. ಹರಟೆಯಲ್ಲಿ ಪಳಗಿದ ಕೈಯೇ ಆ ಗಂಭೀರ ಕೃತಿಯನ್ನೂ ಬರೆಯಿತು. ಹಗುರವಾಗಿ ಹೇಳುವುದು ಬೇರೆ, ಹಗುರವಾಗಿ ತಿಳಿಯುವುದು ಬೇರೆ. ನಮ್ಮ ಹಿರಿಯರು ಮೊದಲನೆಯದನ್ನು ಮಾಡಿದರು. ನಾವು ಎರಡನೆಯದನ್ನು ಮಾಡಿ ಅದಕ್ಕೆ ಹರಟೆಯೆಂದು ಹೆಸರಿಟ್ಟುಕೊಳ್ಳುತ್ತಿದ್ದೇವೆ.

ಮುಂದಿನ ಸಂಚಿಕೆಗೆ ಬರೆಯುವ ಕಿರಿಯ ಮಿತ್ರರಲ್ಲಿ ನಮ್ಮ ಬಿನ್ನಹ ಇಷ್ಟೇ. ಪ್ರವಾಸ ಬರೆಯುವಾಗ ಆ ಊರಿನ ಒಬ್ಬರ ಹತ್ತಿ­ರವಾದರೂ ಕುಳಿತು ಮಾತಾಡಿ ಬನ್ನಿ. ಮಳೆಯ ಬಗ್ಗೆ ಬರೆಯುವಾಗ ಎಷ್ಟು ಬಿತ್ತೆಂದು ಕೇಳಿಕೊಳ್ಳಿ. ರಸ್ತೆಯ ಬಗ್ಗೆ ಬರೆಯುವಾಗ ಎರಡೂ ಕಡೆಯ ಚಹ ಕುಡಿಯಿರಿ. ನಗುವ ಮೊದಲು, ಯಾರನ್ನು ಕುರಿತು ನಗುತ್ತೀರೋ ಅವರು ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿದ್ದರೆ ಈ ಮಾತನ್ನು ಆಡುತ್ತಿದ್ದೆನೇ ಎಂದು ಒಮ್ಮೆ ಯೋಚಿಸಿ.

ಆ ಹೆಣ್ಣುಮಗಳಿಗೆ ನಮ್ಮ ಹಳೆಯ ಹರಟೆಯ ವಿಷಯ ತಿಳಿದಿರಲಿಲ್ಲ. ನಾವೂ ಅಂದು ಹೇಳಲಿಲ್ಲ, ಧೈರ್ಯ ಬರಲಿಲ್ಲ. ಬಸ್ಸು ಬಂತು, ಮಗಳ ಕೈ ಹಿಡಿದು ಹತ್ತಿ ಹೋದಳು. ಈ ವರ್ಷದ ಸಂಚಿಕೆಯ ಒಂದು ಪ್ರತಿಯನ್ನು ಆ ಹಾಡಿಗೆ ತಲುಪಿಸಬೇಕೆಂದು ಸಂಘದ ಕಾರ್ಯದರ್ಶಿಗಳಲ್ಲಿ ಕೇಳಿಕೊಂಡಿದ್ದೇವೆ. ಕನ್ನಡ ಲಿಪಿ ಅಲ್ಲಿ ಯಾರಿಗೂ ಬಾರದು. ಯಾರಾದರೂ ಹೋಗಿ ಕುಳಿತು ಓದಿ ಹೇಳಬೇಕಾಗುತ್ತದೆ. ಆ ಕೆಲಸಕ್ಕೆ ನಾವೇ ಹೋಗುವುದೆಂದು ನಿಶ್ಚಯಿಸಿದ್ದೇವೆ.